ವಯಸ್ಸಿಗೆ ತಕ್ಕ ವಾಹನ



ಕುಟುಂಬ ಕಲ್ಯಾಣ ಎಂದೊಡನೆ ತಾಯಿ ಮಕ್ಕಳ ಆರೋಗ್ಯ, ಚುಚ್ಚುಮದ್ದು, ಮಿತಸಂಸಾರ ಇವೇ ಮೊದಲು ನೆನಪಿಗೆ ಬರುವುದು ಸಹಜ. ಆದರೆ ಮಕ್ಕಳನ್ನು ಸಾಕಿ ಸಲಹಿ, ಅವರ ವಿದ್ಯೆ ವಿವಾಹಗಳನ್ನು ಮುಗಿಸಿ, ಐವತ್ತು ಅರವತ್ತರ ಹೊಸಿಲಿನಲ್ಲಿ ನಿಂತಿರುವ ದಂಪತಿಗಳ ಕಲ್ಯಾಣವೂ ಕುಟುಂಬ ಕಲ್ಯಾಣವೇ ಅಲ್ಲವೆ? ಮನೆಯ ಹಿರಿಯರು ಕೈಕಾಲು ಗಟ್ಟಿಯಾಗಿ ಓಡಾಡುತ್ತಿದ್ದರೆ ಇಡೀ ಸಂಸಾರಕ್ಕೆ ಬಲ. ಅವರೇ ಹಾಸಿಗೆ ಹಿಡಿದರೆ ಇಡೀ ಸಂಸಾರಕ್ಕೆ ಸಂಕಟ. ಈ ದೃಷ್ಟಿಯಿಂದ, ನೋಡುವುದಕ್ಕೆ ಸಣ್ಣದಾಗಿಯೂ ಪರಿಣಾಮದಲ್ಲಿ ದೊಡ್ಡದಾಗಿಯೂ ಇರುವ ಒಂದು ವಿಷಯವನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ. ವಯಸ್ಸಾಗುತ್ತ ಬಂದವರು ಭಾರವಾದ ಸ್ಕೂಟರನ್ನೋ ಮೋಟಾರ್ ಸೈಕಲನ್ನೋ ಬಿಟ್ಟು ಹಗುರವಾದ ವಾಹನಕ್ಕೆ ಬದಲಾಯಿಸಿಕೊಳ್ಳುವುದೇ ಆ ವಿಷಯ.

ಹಳ್ಳಿಯ ಬಾಳಿನಲ್ಲಿ ಎರಡು ಚಕ್ರದ ವಾಹನಕ್ಕೆ ಇರುವ ಸ್ಥಾನವನ್ನು ತಮಗೆ ವಿವರಿಸಬೇಕಾಗಿಲ್ಲ. ಡೇರಿಗೆ ಹಾಲು, ಸಂತೆಗೆ ತರಕಾರಿ, ಬ್ಯಾಂಕು, ಆಸ್ಪತ್ರೆ, ನೆಂಟರ ಮದುವೆ ಎಲ್ಲಕ್ಕೂ ಅದೇ ಆಧಾರ. 1972ರಲ್ಲಿ ಮಾರುಕಟ್ಟೆಗೆ ಬಂದ ಬಜಾಜ್ ಚೇತಕ್ ಸ್ಕೂಟರಿಗಾಗಿ ಜನ ವರ್ಷಗಟ್ಟಲೆ ಕಾದಿದ್ದುಂಟು. ಗೇರಿನ ಆ ಸ್ಕೂಟರಿನ ತಯಾರಿಕೆ ನಿಂತುಹೋಗಿದ್ದರೂ ಅನೇಕ ಮನೆಗಳಲ್ಲಿ ಅದನ್ನು ಇನ್ನೂ ಒರೆಸಿ ಜೋಪಾನ ಮಾಡುವವರಿದ್ದಾರೆ. ಇಂಥ ವಾಹನವು ಕೇವಲ ಕಬ್ಬಿಣವಲ್ಲ. ದುಡಿಮೆಯ ಗುರುತು, ಯೌವನದ ಸಂಗಾತಿ. ಅದನ್ನು ಬಿಡಿ ಎಂದು ಯಾರಾದರೂ ಹೇಳಿದರೆ ಮನಸ್ಸಿಗೆ ನೋವಾಗುವುದು ನ್ಯಾಯವೇ. ಆದುದರಿಂದ ಇಲ್ಲಿ ಹೇಳುವುದು ಓಡಾಟವನ್ನು ಬಿಡಿ ಎಂಬ ಮಾತಲ್ಲ. ಓಡಾಟವನ್ನು ಇನ್ನೂ ಹಲವು ವರ್ಷ ಉಳಿಸಿಕೊಳ್ಳುವ ಸಲುವಾಗಿ ಭಾರವನ್ನು ಬಿಡಿ ಎಂಬ ಮಾತು.

ದೇಹದಲ್ಲಿ ಆಗುವ ಬದಲಾವಣೆಗಳು

ವಯಸ್ಸು ನಮಗೆ ತಿಳಿಸಿ ಬರುವುದಿಲ್ಲ. ಮೂವತ್ತು ದಾಟಿದ ಮೇಲೆಯೇ ಸ್ನಾಯುಗಳು ನಿಧಾನವಾಗಿ ಕರಗತೊಡಗುತ್ತವೆ. ಅರವತ್ತರ ನಂತರ ಆ ಕ್ಷಯವು ಚುರುಕಾಗುತ್ತದೆ. ಹೊಲದಲ್ಲಿ ದುಡಿಯುವವರಿಗೂ ಇದು ತಪ್ಪಿದ್ದಲ್ಲ, ಸ್ವಲ್ಪ ತಡವಾಗಬಹುದು ಅಷ್ಟೆ. ಮಂಡಿಯ ಕೀಲು ಸವೆದು ಬಿಗಿಯುತ್ತದೆ. ಅಪಾಯವನ್ನು ಕಂಡ ಗಳಿಗೆಗೂ ಕೈ ಬ್ರೇಕನ್ನು ಒತ್ತುವ ಗಳಿಗೆಗೂ ನಡುವಣ ಅಂತರ ಹೆಚ್ಚುತ್ತದೆ. ನಲವತ್ತರ ಸುಮಾರಿಗೆ ಹತ್ತಿರದ ಅಕ್ಷರ ಮಸುಕಾಗುತ್ತದೆ. ಮುಂದೆ ಕಣ್ಣಿನಲ್ಲಿ ಪೊರೆ ಬೆಳೆದಾಗ ಎದುರಿನ ವಾಹನದ ದೀಪವು ಇಡೀ ದಾರಿಯನ್ನೇ ಮರೆಮಾಡುತ್ತದೆ. ಗ್ಲಕೋಮ ಎಂಬ ಕಾಯಿಲೆಯಲ್ಲಿ ಪಕ್ಕದ ನೋಟವು ನೋವಿಲ್ಲದೆ ಕುಗ್ಗುವುದರಿಂದ ಬದಿಯಿಂದ ನುಗ್ಗುವ ದನವೋ ಮಗುವೋ ಕಾಣದೆ ಹೋಗಬಹುದು. ಬಹುಕಾಲ ಸಕ್ಕರೆ ಕಾಯಿಲೆಯಿದ್ದವರಿಗೆ ಪಾದದ ಸ್ಪರ್ಶಜ್ಞಾನ ಮಂದವಾಗಿ, ಕಾಲು ನೆಲಕ್ಕೆ ಊರಿತೆ ಇಲ್ಲವೆ ಎಂಬುದೇ ಸರಿಯಾಗಿ ತಿಳಿಯದು.

ಹೆಂಗಸರ ವಿಷಯದಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು. ಮುಟ್ಟು ನಿಂತ ಮೇಲೆ ಮೂಳೆಯ ಸಾಂದ್ರತೆ ವೇಗವಾಗಿ ಕಡಿಮೆಯಾಗುತ್ತದೆ. ಆದ್ದರಿಂದ ಹಿಂದೆ ಕುಳಿತ ಹೆಂಡತಿಯು ಬಿದ್ದರೆ, ಮುಂದೆ ಕುಳಿತ ಗಂಡನಿಗೆ ಬರಿಯ ತರಚುಗಾಯವಾಗುವ ಪೆಟ್ಟೇ ಆಕೆಗೆ ಮಣಿಕಟ್ಟಿನ ಅಥವಾ ಸೊಂಟದ ಮೂಳೆಯ ಮುರಿತವಾಗಬಹುದು. ವಾಹನವನ್ನು ನಡೆಸುವವರು ಒಬ್ಬರಾದರೂ ಅದರ ಭಾರವನ್ನು ಹೊರುವವರು ಇಬ್ಬರು ಎಂಬುದನ್ನು ಮರೆಯಲಾಗದು.

ಬೀಳುವುದು ಎಲ್ಲಿ?

ಭಾರವಾದ ವಾಹನ ಓಡುತ್ತಿರುವಾಗ ಭಾರವೆನಿಸುವುದಿಲ್ಲ. ಚಕ್ರಗಳು ತಿರುಗುತ್ತಿರುವ ತನಕ ಅದು ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ. ಭಾರವೆಲ್ಲ ಮೈಮೇಲೆ ಬರುವುದು ಅದು ನಿಂತಾಗ. ಮನೆಯ ಮುಂದಿನ ಜಲ್ಲಿಯ ಮೇಲೆ ತಿರುಗಿಸುವಾಗ, ಇಳಿಜಾರಿನಲ್ಲಿ ಕಾಲೂರುವಾಗ, ಕೆಸರಿನಲ್ಲಿ ಹಿಂದಕ್ಕೆ ತಳ್ಳುವಾಗ, ಸ್ಟ್ಯಾಂಡು ಹಾಕುವಾಗ, ಹಿಂದಿನವರು ಹತ್ತುವಾಗ ಇಳಿಯುವಾಗ ಅದರ ನಿಜವಾದ ತೂಕ ತಿಳಿಯುತ್ತದೆ. ನೆಟ್ಟಗೆ ನಿಂತ ವಾಹನವನ್ನು ಎರಡು ಬೆರಳುಗಳಿಂದ ಹಿಡಿಯಬಹುದು. ಅದೇ ವಾಹನ ಒಂದು ಗೇಣು ವಾಲಿದರೆ ತೋಳು ಬೇಕು. ಇನ್ನೂ ವಾಲಿದರೆ ತೊಡೆಯ ಬಲವೆಲ್ಲ ಬೇಕು. ಅದಕ್ಕೂ ಮೀರಿದರೆ ಯಾರಿಂದಲೂ ಆಗದು. ವಯಸ್ಸಾದಂತೆ ಕಡಿಮೆಯಾಗುವುದು ಈ ಕೊನೆಯ ಗಳಿಗೆಯಲ್ಲಿ ಹಿಡಿದು ನಿಲ್ಲಿಸುವ ಶಕ್ತಿಯೇ.

"ನಾನು ನಿಧಾನವಾಗಿ ಹೋಗುತ್ತೇನೆ, ನನಗೇನಾಗುತ್ತದೆ?" ಎಂದು ಅನೇಕರು ಕೇಳುತ್ತಾರೆ. ನಿಧಾನವು ಒಳ್ಳೆಯದೇ. ಆದರೆ ನಿಂತಲ್ಲೇ ಬೀಳುವ ವಾಹನಕ್ಕೆ ನಿಧಾನದ ರಕ್ಷಣೆಯಿಲ್ಲ. ಹಾಗೆ ಬಿದ್ದಾಗ ಕಾಲು ವಾಹನದ ಅಡಿಗೆ ಸಿಕ್ಕಿಕೊಳ್ಳುತ್ತದೆ, ಬಿಸಿ ಸೈಲೆನ್ಸರು ಮೀನಖಂಡವನ್ನು ಸುಡುತ್ತದೆ, ನೆಲಕ್ಕೆ ಊರಿದ ಕೈಯ ಮಣಿಕಟ್ಟು ಮುರಿಯುತ್ತದೆ. ಎಲ್ಲಕ್ಕಿಂತ ಘೋರವಾದುದು ತೊಡೆಯ ಸಂದಿನ ಮೂಳೆಯ ಮುರಿತ. ಶಸ್ತ್ರಚಿಕಿತ್ಸೆಯಿಲ್ಲದೆ ಅದು ಸಾಮಾನ್ಯವಾಗಿ ಸರಿಹೋಗುವುದಿಲ್ಲ. ದೀರ್ಘಕಾಲ ಮಲಗಿದವರಿಗೆ ಬೆನ್ನುಹುಣ್ಣು, ಪುಪ್ಪುಸದ ಸೋಂಕು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಮುಂತಾದುವು ಬೆನ್ನಟ್ಟಿ ಬರುತ್ತವೆ. ಚಿಕಿತ್ಸೆಯ ಖರ್ಚು ಒಂದೆಡೆ. ಬಿತ್ತನೆಯ ಕಾಲದಲ್ಲಿ ಒಬ್ಬರು ಹಾಸಿಗೆಯಲ್ಲಿದ್ದು ಇನ್ನೊಬ್ಬರು ಅವರ ಆರೈಕೆಗೆ ನಿಂತರೆ ಹೊಲದ ಗತಿಯೇನು? ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆಗೆ ನಾವು ಉದಾಹರಣೆಯಾಗುವುದು ಬೇಡ. ವಾಹನವನ್ನು ಬದಲಾಯಿಸುವ ಕಾಲವು ಬಿದ್ದ ಮೇಲಲ್ಲ, ಬೀಳುವ ಮುನ್ನ.

ಸಮಯ ಬಂದಿತೆಂದು ತಿಳಿಯುವುದು ಹೇಗೆ?

ಇದಕ್ಕೆ ಇಂತಿಷ್ಟೇ ವಯಸ್ಸು ಎಂದು ಗೊತ್ತುಮಾಡಲಾಗದು. ಅರವತ್ತೈದರಲ್ಲಿಯೂ ಗಟ್ಟಿಯಾಗಿರುವವರಿದ್ದಾರೆ, ಐವತ್ತರಲ್ಲಿಯೇ ಮಂಡಿ ಸೋತವರಿದ್ದಾರೆ. ದಂಪತಿಗಳು ಒಬ್ಬರನ್ನೊಬ್ಬರು ಕೆಳಗಿನ ಪ್ರಶ್ನೆಗಳನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳತಕ್ಕದ್ದು.

1. ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ಕುಳಿತುಕೊಳ್ಳಲು ಆಗುತ್ತದೆಯೆ?

2. ಗೋಡೆಯ ಪಕ್ಕದಲ್ಲಿ, ಸಂಗಾತಿ ಹತ್ತಿರವಿರುವಾಗ, ಒಂಟಿ ಕಾಲಿನ ಮೇಲೆ ಹತ್ತು ಎಣಿಸುವ ತನಕ ನಿಲ್ಲಲು ಸಾಧ್ಯವೆ?

3. ನಡುವಿನ ಸ್ಟ್ಯಾಂಡು ಹಾಕಲು ನೆರೆಯವರನ್ನು ಕೂಗಬೇಕಾಗುತ್ತಿದೆಯೆ?

4. ಕಿಕ್ಕು ಹೊಡೆದ ಮೇಲೆ ಮಂಡಿ ನೋಯುತ್ತದೆಯೆ, ಏದುಸಿರು ಬರುತ್ತದೆಯೆ?

5. ಕಳೆದ ಒಂದು ವರ್ಷದಲ್ಲಿ ವಾಹನ ಕೈಮೀರಿ ವಾಲಿದ್ದುಂಟೆ? ಬೀಳದಿದ್ದರೂ ಲೆಕ್ಕವೇ.

6. ಹಿಂದೆ ಕುಳಿತವರಿಗೆ ಈಚೆಗೆ ಹೆದರಿಕೆಯಾಗುತ್ತಿದೆಯೆ?

ಕೊನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಹೆಂಡತಿ. ಆಕೆ ಎಷ್ಟೋ ವೇಳೆ ಗಂಡನ ಮನ ನೋಯದಿರಲೆಂದು ಸುಮ್ಮನಿರುತ್ತಾಳೆ. ಸೆರಗನ್ನು ಬಿಗಿಹಿಡಿದು, ದೇವರನ್ನು ನೆನೆದು, ಊರು ಮುಟ್ಟಿದ ಮೇಲೆ ನಿಟ್ಟುಸಿರು ಬಿಡುತ್ತಾಳೆ. ಸೋದರಿಯರೆ, ಆ ಮೌನ ತರವಲ್ಲ; ಇದ್ದದ್ದನ್ನು ಇದ್ದಂತೆ ಹೇಳಿ. ಸೋದರರೆ, ಆ ಮಾತನ್ನು ತಮ್ಮ ಶಕ್ತಿಗೆ ಬಂದ ಅವಮಾನವೆಂದು ಎಣಿಸಬೇಡಿ. ಎತ್ತಿಗೆ ವಯಸ್ಸಾದಾಗ ನೊಗದ ಭಾರವನ್ನು ಇಳಿಸುವ ರೈತನಿಗೆ ತನ್ನ ಮೈಯ ವಿಷಯದಲ್ಲಿ ಆ ವಿವೇಕ ಏಕೆ ಬೇಡ?

ಇದರೊಡನೆ ಆರೋಗ್ಯ ಕೇಂದ್ರಕ್ಕೆ ಹೋಗಿ ಕಣ್ಣು, ರಕ್ತದೊತ್ತಡ, ರಕ್ತದ ಸಕ್ಕರೆ ಇವುಗಳನ್ನು ಪರೀಕ್ಷಿಸಿಕೊಳ್ಳುವುದು ಅತ್ಯಾವಶ್ಯಕ. ನಿದ್ರೆ ತರುವ ಮಾತ್ರೆ, ನೆಗಡಿ ಮತ್ತು ಅಲರ್ಜಿಯ ಕೆಲವು ಮಾತ್ರೆಗಳು ಮಂಪರು ತರುತ್ತವೆ. ತಾವು ವಾಹನ ನಡೆಸುವ ಸಂಗತಿಯನ್ನು ವೈದ್ಯರಿಗೆ ಮುಂಚಿತವಾಗಿಯೇ ತಿಳಿಸಬೇಕು. ತಲೆಸುತ್ತು, ಮೂರ್ಛೆ, ಅಪಸ್ಮಾರ ಇರುವವರು ವೈದ್ಯರು ಒಪ್ಪುವ ತನಕ ಯಾವ ವಾಹನವನ್ನೂ ನಡೆಸಕೂಡದು. ಅಂಥವರಿಗೆ ಹಗುರ ವಾಹನವೂ ಪರಿಹಾರವಲ್ಲ.

ಆರಿಸುವುದು ಯಾವುದನ್ನು?

ಹೊಸದೆಲ್ಲ ಹಗುರವಲ್ಲ ಎಂಬುದನ್ನು ಮೊದಲು ತಿಳಿಯತಕ್ಕದ್ದು. ಒಂದು ಕ್ವಿಂಟಲ್ ಎಂದರೆ 100 ಕಿಲೋಗ್ರಾಂ; ಈ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡೋಣ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸುಮಾರು 195 ಕಿಲೋಗ್ರಾಂ, ಅಂದರೆ ಹತ್ತಿರ ಹತ್ತಿರ ಎರಡು ಕ್ವಿಂಟಲ್. ಹೀರೋ ಸ್ಪ್ಲೆಂಡರ್ ಪ್ಲಸ್ ಸುಮಾರು 112. ಹೋಂಡಾ ಆಕ್ಟಿವಾ 110 ಸುಮಾರು 106. ಟಿ.ವಿ.ಎಸ್. ಸ್ಕೂಟಿ ಝೆಸ್ಟ್ ಸುಮಾರು 103. ಯಮಹಾ ಫ್ಯಾಸಿನೋ 125 ಸುಮಾರು 99. ಟಿ.ವಿ.ಎಸ್. ಎಕ್ಸ್.ಎಲ್. 100 ಮೊಪೆಡ್ 90ಕ್ಕೂ ಕಡಿಮೆ. ಬ್ಯಾಟರಿಯ ಸ್ಕೂಟರೆಂದರೆ ಹಗುರವೆಂದು ಹಲವರು ಭಾವಿಸುತ್ತಾರೆ. ಆದರೆ ಏಥರ್ 450 ಎಕ್ಸ್ ಸುಮಾರು 111 ಕಿಲೋಗ್ರಾಂ ಇದ್ದು, ಅನೇಕ ಪೆಟ್ರೋಲ್ ಸ್ಕೂಟರುಗಳಿಗಿಂತ ಭಾರವಾಗಿದೆ. ಮಾದರಿಯಿಂದ ಮಾದರಿಗೆ ತೂಕ ಬದಲಾಗುವುದರಿಂದ ಕೊಳ್ಳುವಾಗ ಅಂಗಡಿಯವರಿಂದ ಕೇಳಿ ತಿಳಿಯಬೇಕು.

ಎನ್‌ಫೀಲ್ಡಿನಿಂದ ಸ್ಕೂಟರಿಗೆ ಬಂದವರಿಗೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ಭಾರ ಇಳಿಯುತ್ತದೆ. ಹಳೆಯ ಚೇತಕ್‌ನಿಂದ ಆಕ್ಟಿವಾಕ್ಕೆ ಬಂದವರಿಗೆ ತೂಕದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣದು. ಆದರೆ ಕಿಕ್ಕಿನ ಬದಲು ಗುಂಡಿಯೊತ್ತಿ ಎಂಜಿನನ್ನು ಚಾಲೂ ಮಾಡಬಹುದು, ಗೇರಿನ ಕೆಲಸವೂ ತಪ್ಪುತ್ತದೆ. ಸ್ಕೂಟರು ಮತ್ತು ಮೊಪೆಡ್ಡುಗಳಲ್ಲಿ ಕಾಲನ್ನು ಮೇಲೆತ್ತಿ ಬೀಸದೆ ನಡುವಿನಿಂದಲೇ ಹತ್ತಬಹುದಾದ್ದರಿಂದ ಮಂಡಿನೋವಿನವರಿಗೂ ಸೀರೆಯುಟ್ಟವರಿಗೂ ಅನುಕೂಲ.

ತೂಕವೊಂದನ್ನೇ ನೋಡಿದರೆ ಸಾಲದು. ತಮ್ಮ ಊರಿನ ದಾರಿಯನ್ನೂ ನೋಡಬೇಕು. ಸ್ಕೂಟರಿನ ಚಕ್ರ ಚಿಕ್ಕದು, ಸಾಮಾನ್ಯವಾಗಿ 10 ಅಥವಾ 12 ಅಂಗುಲ. ಡಾಂಬರು ರಸ್ತೆಗೆ ಅದು ಸಾಕು. ಗುಂಡಿ ಮತ್ತು ಗಾಡಿಯ ಜಾಡುಗಳಿರುವ ಮಣ್ಣುದಾರಿಯಲ್ಲಿ ಅದು ಗುಂಡಿಗೆ ಇಳಿದು ಕೈಯನ್ನು ಎಳೆಯುತ್ತದೆ. ಎಕ್ಸ್.ಎಲ್. 100ರ ಚಕ್ರ 16 ಅಂಗುಲ. ಹೊಲದ ದಾರಿಯೇ ಹೆಚ್ಚಾಗಿರುವವರಿಗೆ ವೇಗ ಕಡಿಮೆಯಾದರೂ ಅಂಥದೇ ಮೇಲು. ಮಲೆನಾಡಿನವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಗೇರಿನ ವಾಹನವನ್ನು ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಹಾಕಿದರೆ ಎಂಜಿನೇ ಅದನ್ನು ತಡೆಯುತ್ತದೆ. ಗೇರಿಲ್ಲದ ವಾಹನದಲ್ಲಿ ಆ ಸೌಕರ್ಯವಿಲ್ಲದ ಕಾರಣ ಬ್ರೇಕನ್ನೇ ನಂಬಬೇಕು. ದೀರ್ಘ ಇಳಿಜಾರಿನಲ್ಲಿ ಅದನ್ನು ಹಿಡಿದೇ ಇದ್ದರೆ ಕಾಯ್ದು ಹಿಡಿತ ಕಡಿಮೆಯಾಗುವುದು. ಆದುದರಿಂದ ಇಳಿಜಾರಿನ ಮೊದಲಿನಿಂದಲೇ ವೇಗವನ್ನು ತಗ್ಗಿಸಿ, ಬ್ರೇಕನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಇಳಿಯತಕ್ಕದ್ದು.

ಹಗುರ ವಾಹನವು ಹೊರೆ ಹೊರುವ ಗಾಡಿಯಲ್ಲ. ಹಿಂಡಿಯ ಮೂಟೆ, ಹಾಲಿನ ಕ್ಯಾನು, ಜೊತೆಗೆ ಹೆಂಡತಿ ಎಂದು ಹೇರಿದರೆ ಇಳಿಸಿದ ಭಾರವನ್ನು ಮತ್ತೆ ಏರಿಸಿದಂತಾಯಿತು.

ಕೊಳ್ಳುವ ದಿವಸ ದಂಪತಿಗಳಿಬ್ಬರೂ ಕೂಡಿ ಹೋಗಿ. ಬಣ್ಣವನ್ನು ಕಡೆಗೆ ನೋಡಿ. ಕುಳಿತಾಗ ಎರಡು ಪಾದಗಳೂ ನೆಲಕ್ಕೆ ಚೆನ್ನಾಗಿ ಊರುತ್ತವೆಯೆ? ಸ್ಟ್ಯಾಂಡನ್ನು ತಾವೇ ಹಾಕಿ ತಾವೇ ತೆಗೆಯಬಲ್ಲಿರಾ? ಎಂಜಿನನ್ನು ಆರಿಸಿ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಬಲ್ಲಿರಾ? ಹೆಂಡತಿ ಹಿಂದೆ ಕುಳಿತಾಗ ಕಾಲಿಡಲು, ಕೈಯಲ್ಲಿ ಹಿಡಿಯಲು ಆಧಾರವಿದೆಯೆ? ಸೀರೆ ಚಕ್ರಕ್ಕೆ ಸಿಗದಂತೆ ತಡೆಯಿದೆಯೆ? ಕೈಹಿಡಿ, ಕಾಲಾಸರೆ, ಬಟ್ಟೆ ಸಿಗದ ತಡೆ ಈ ಮೂರೂ ಇರಬೇಕೆಂಬುದು ಕಾನೂನಿನ ಕಟ್ಟಳೆಯೂ ಹೌದು. 2019ರ ಏಪ್ರಿಲ್ ನಂತರ ಮಾರಾಟವಾದ, 125 ಸಿ.ಸಿ.ವರೆಗಿನ ಹೊಸ ವಾಹನಗಳಲ್ಲಿ ಒಂದು ಬ್ರೇಕನ್ನು ಒತ್ತಿದರೆ ಎರಡು ಚಕ್ರಗಳಿಗೂ ಹಿಡಿತ ಸಿಗುವ ಏರ್ಪಾಡು ಸಾಮಾನ್ಯವಾಗಿರುತ್ತದೆ. ಹಳೆಯದನ್ನು ಕೊಳ್ಳುವವರು ಇದನ್ನು ವಿಚಾರಿಸುವುದು ಲೇಸು.

ಕೈಗೆ ಹೊಸ ಪಾಠ

ಇಲ್ಲಿ ಒಂದು ಮುಖ್ಯವಾದ ಎಚ್ಚರಿಕೆಯಿದೆ. ಗೇರಿನ ವಾಹನದಲ್ಲಿ ಎಡಗೈಯ ಹಿಡಿ ಕ್ಲಚ್ಚು. ಹಿಂದಿನ ಬ್ರೇಕು ಬಲಗಾಲಿನಲ್ಲಿ. ಗೇರಿಲ್ಲದ ಸ್ಕೂಟರಿನಲ್ಲಿ ಅದೇ ಎಡಗೈಯ ಹಿಡಿಯೇ ಬ್ರೇಕು. ಬಲಗಾಲಿಗೆ ಯಾವ ಕೆಲಸವೂ ಇಲ್ಲ. ಮೂವತ್ತು ವರ್ಷ ಕ್ಲಚ್ಚು ಹಿಡಿದ ಕೈ ಗಾಬರಿಯಲ್ಲಿ ಅಭ್ಯಾಸಬಲದಿಂದ ಹಿಡಿಯನ್ನು ಪೂರ್ತಿ ಅದುಮಿದರೆ ವಾಹನ ಗಕ್ಕನೆ ನಿಂತು ಜಾರುತ್ತದೆ. ಬಲಗಾಲು ಇಲ್ಲದ ಬ್ರೇಕನ್ನು ಹುಡುಕಿ ನೆಲವನ್ನು ಒದೆಯುತ್ತದೆ. ಆದ್ದರಿಂದ "ನನಗೆ ಗೊತ್ತಿಲ್ಲದ ಸ್ಕೂಟರೆ?" ಎಂದು ಕೊಂಡ ದಿನವೇ ಹೆದ್ದಾರಿಗೆ ಹೊರಡುವುದು ಸಲ್ಲದು. ಒಂದು ವಾರ, ಬೆಳಗಿನ ಹೊತ್ತು, ಶಾಲೆಯ ಬಯಲಿನಲ್ಲೋ ಖಾಲಿ ಕಣದಲ್ಲೋ ಒಬ್ಬರೇ ಅಭ್ಯಾಸ ಮಾಡಿ. ನಡೆದು ನಿಲ್ಲುವುದು, ಎಂಟರ ಆಕಾರದಲ್ಲಿ ತಿರುಗುವುದು, ಹೇಳಿದಲ್ಲಿ ನಿಲ್ಲಿಸುವುದು, ಇಷ್ಟು ಕೈಗೆ ಹತ್ತಿದ ಮೇಲೆ ಹಿಂದೆ ಜನರನ್ನು ಕೂರಿಸಿಕೊಳ್ಳಿ.

ಇನ್ನೊಂದು. ಎಂಜಿನ್ ಚಾಲೂ ಇರುವಾಗ ಗೇರಿಲ್ಲದ ವಾಹನದ ಪಕ್ಕದಲ್ಲಿ ನಿಂತು ಅದನ್ನು ತಳ್ಳಬಾರದು. ಬಲಗೈ ತಿಳಿಯದೆ ತಿರುಗಿದರೆ ವಾಹನವು ಕರುವಿನಂತೆ ನೆಗೆದು ತಮ್ಮನ್ನೂ ಎಳೆದೊಯ್ಯುತ್ತದೆ. ಮೊದಲು ಎಂಜಿನನ್ನು ಆರಿಸಿ, ಆಮೇಲೆ ತಳ್ಳಿ.

ಹತ್ತುವ ಇಳಿಯುವ ಕ್ರಮವನ್ನು ಇಬ್ಬರೂ ಗೊತ್ತುಮಾಡಿಕೊಳ್ಳಬೇಕು. ನಡೆಸುವವರು ಕುಳಿತು, ಎರಡು ಕಾಲುಗಳನ್ನೂ ಊರಿ, ಬ್ರೇಕು ಹಿಡಿದು "ಹತ್ತು" ಎಂದ ಮೇಲೆಯೇ ಹಿಂದಿನವರು ಹತ್ತಬೇಕು. ಇಳಿಯುವಾಗ "ಇಳಿ" ಎಂದ ಮೇಲೆಯೇ ಇಳಿಯಬೇಕು. ಒಂದೇ ಬದಿಗೆ ಕಾಲಿಟ್ಟು ಕೂರುವುದರಿಂದ ಭಾರವೂ ಒಂದೇ ಬದಿಗೆ ಬೀಳುತ್ತದೆ. ಉಡುಪು ಅನುಕೂಲವಿದ್ದಲ್ಲಿ ಎರಡೂ ಬದಿಗೆ ಕಾಲಿಟ್ಟು ಕೂರುವುದೇ ಕ್ಷೇಮ.

ವಾಹನ ಹಗುರವಾದರೆ ಅದನ್ನು ನಡೆಸಲು ಹೆಂಡತಿಗೂ ಸಾಧ್ಯ ಎಂಬ ಲಾಭವನ್ನು ಮರೆಯಬೇಡಿ. ನಲವತ್ತೈದು ಐವತ್ತರ ಮಹಿಳೆಯರೂ ಕಲಿತು, ಪರವಾನಗಿ ಪಡೆದು ನಡೆಸಬಹುದು. ಗಂಡನಿಗೆ ಜ್ವರ ಬಂದ ದಿನ ಹಾಲು ಡೇರಿಗೆ ತಲುಪುವುದು ಆಕೆಯಿಂದ. ಮುಂದೊಂದು ದಿನ ಆತನ ಕಣ್ಣು ಮಂಕಾದಾಗ ಮನೆಯ ಓಡಾಟ ನಿಲ್ಲದಿರುವುದೂ ಆಕೆಯಿಂದಲೇ.

ಕಾನೂನು, ಕಾಗದಪತ್ರ

ನಲವತ್ತು ದಾಟಿದವರು ಚಾಲನಾ ಪರವಾನಗಿಯನ್ನು ಪಡೆಯುವಾಗ ಅಥವಾ ನವೀಕರಿಸುವಾಗ ವೈದ್ಯರ ಪ್ರಮಾಣಪತ್ರ ಬೇಕು. ಐವತ್ತೈದು ಮೀರಿದವರಿಗೆ ಪರವಾನಗಿಯು ಒಮ್ಮೆಗೆ ಐದು ವರ್ಷಗಳಿಗೆ ಮಾತ್ರ ದೊರೆಯುತ್ತದೆ. ಇದನ್ನು ಕಿರುಕುಳವೆಂದು ತಿಳಿಯದೆ ಆರೋಗ್ಯ ಪರೀಕ್ಷೆಗೆ ಒದಗಿದ ಅವಕಾಶವೆಂದು ತಿಳಿಯಿರಿ. ಹಳೆಯ ವಾಹನವನ್ನು ಮಾರಿದಾಗ ಮಾಲೀಕತ್ವವನ್ನು ಸಾರಿಗೆ ಕಚೇರಿಯಲ್ಲಿ ಕೊಂಡವರ ಹೆಸರಿಗೆ ಬದಲಾಯಿಸಿಕೊಡಿ. ಇಲ್ಲವಾದರೆ ಆ ವಾಹನದಿಂದ ಮುಂದೆ ಆಗುವ ಅಪಘಾತದ ಹೊಣೆ ತಮ್ಮನ್ನೇ ಹುಡುಕಿಕೊಂಡು ಬರಬಹುದು. ಸಮತೋಲ ಕಾಯಲಾರದವರು ಪಕ್ಕಕ್ಕೆ ಹೆಚ್ಚಿನ ಚಕ್ರಗಳನ್ನು ಹಾಕಿಸುವುದಿದ್ದರೆ ಅದೇ ಕಚೇರಿಯ ಅನುಮತಿ ಪಡೆದೇ ಹಾಕಿಸಬೇಕು.

ಹೆಲ್ಮೆಟ್ಟು ಇಬ್ಬರಿಗೂ ಕಡ್ಡಾಯ. ಹಿಂದೆ ಕುಳಿತವರೂ ಧರಿಸಬೇಕೆಂಬ ನಿಯಮ ಕರ್ನಾಟಕದಲ್ಲಿ 2016ರ ಜನವರಿಯಲ್ಲಿ ಜಾರಿಗೆ ಬಂದಿತು. ಐ.ಎಸ್.ಐ. ಗುರುತಿನ, ತಲೆಗೆ ಸರಿಯಾಗಿ ಕೂರುವ, ಕತ್ತಿಗೆ ಹೊರೆಯಾಗದ ಹೆಲ್ಮೆಟ್ಟನ್ನು ಆರಿಸಿ, ಗಲ್ಲದ ಪಟ್ಟಿಯನ್ನು ಕಟ್ಟಿರಿ. ಪೇಟೆಯೊಳಗೆ ಹೋಗುವಾಗ ಬೇಕಿಲ್ಲವೆಂಬುದು ತಪ್ಪು ಕಲ್ಪನೆ. ಅಪಘಾತವಾದಲ್ಲಿ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ಎಲ್ಲಿಯ ತನಕ?

ಹಗುರ ವಾಹನಕ್ಕೂ ಒಂದು ದಿನ ವಿದಾಯ ಹೇಳಬೇಕಾಗುತ್ತದೆ. ಆ ದಿನವನ್ನು ದೂರಕ್ಕೆ ತಳ್ಳುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ನಿತ್ಯ ನಡಿಗೆ, ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ, ರಾಗಿ, ಬೇಳೆಕಾಳು, ಹಾಲು, ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಇವು ಸ್ನಾಯುವಿಗೂ ಮೂಳೆಗೂ ಬಲ ಕೊಡುತ್ತವೆ. ಮೊದಲು ಬಿಡಬೇಕಾದುದು ಕತ್ತಲೆಯ ಪ್ರಯಾಣ, ಆಮೇಲೆ ಮಳೆಯ ಪ್ರಯಾಣ, ಆಮೇಲೆ ಹೆದ್ದಾರಿ. ದೂರದ ಊರಿಗೆ ಬಸ್ಸೇ ಮೇಲು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳ ಪ್ರಯಾಣ ಉಚಿತವಾಗಿದೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದವರಿಗೆ ಇಳಿದದ್ದೇ ತಿಳಿಯುವುದಿಲ್ಲ. ಇಳಿಯದೆ ನಿಂತವರು ಒಮ್ಮೆಲೇ ಬೀಳುತ್ತಾರೆ.

ದಂಪತಿಗಳೆ, ಮದುವೆಯಾದ ಹೊಸತರಲ್ಲಿ ಎಷ್ಟು ಮಕ್ಕಳು, ಯಾವಾಗ ಎಂಬುದನ್ನು ಇಬ್ಬರೂ ಕುಳಿತು ಯೋಚಿಸಿದಿರಿ. ಆ ಯೋಚನೆಯಿಂದ ಸಂಸಾರಕ್ಕೆ ಸುಖವಾಯಿತು. ಈಗಿನ ವಯಸ್ಸಿನಲ್ಲಿ ಯೋಚಿಸಬೇಕಾದ ವಿಷಯಗಳು ಬೇರೆ, ಯೋಚಿಸುವ ರೀತಿ ಅದೇ: ಇಬ್ಬರೂ ಕೂಡಿ, ಮುಂಚಿತವಾಗಿ, ಸಂಕೋಚವಿಲ್ಲದೆ. ಇಂದು ಸಂಜೆ ಮನೆಗೆ ಹೋದ ಮೇಲೆ ವಾಹನದ ನಡುವಿನ ಸ್ಟ್ಯಾಂಡನ್ನು ಒಮ್ಮೆ ಹಾಕಿ ನೋಡಿ. ಸುಲಭವಾಗಿ ಆದರೆ ಸಂತೋಷ. ಕಷ್ಟವೆನಿಸಿದರೆ ಅಂದೇ ಮಾತುಕತೆ ಆರಂಭವಾಗಲಿ.